ಮಳೆ ದತ್ತಾಂಶವನ್ನು ಟೆಕ್ಸ್ಟ್‌ನಿಂದ ಬೈನರಿಗೆ ಬದಲಾಯಿಸಿದಾಗ ವರ್ಷಕ್ಕೆ 2,920 ಬೈಟ್ ಹೆಚ್ಚು ಬರುತ್ತಿದೆ, ಕಾರಣವೇನು?

ತೊಗರಿಹೊಲ (ಕಲಬುರಗಿ)

ಎಲ್ಲರಿಗೂ ಶರಣು. ನಾನು ಕಲಬುರಗಿಯಲ್ಲಿ ಸಂಶೋಧನಾ ವಿದ್ಯಾರ್ಥಿನಿ. ತೊಗರಿ ಹೂ ಬಿಡುವ ಹೊತ್ತಿಗೆ ನಮ್ಮ ಎರೆ ಹೊಲಗಳಲ್ಲಿ ಎಷ್ಟು ತೇವ ಉಳಿದಿರುತ್ತದೆ ಎಂಬುದನ್ನು 1991ರಿಂದ 2020ರ ವರೆಗಿನ ಮಳೆಯ ಆಧಾರದ ಮೇಲೆ ಲೆಕ್ಕ ಹಾಕುತ್ತಿದ್ದೇನೆ. ಇದಕ್ಕೆ ಭಾರತೀಯ ಹವಾಮಾನ ಇಲಾಖೆಯ ನಕ್ಷೆಯನ್ನು 0.25 ಡಿಗ್ರಿ ಅಂತರದ ಚೌಕಗಳಾಗಿ ಹಂಚಿ ಕೊಡುವ ದೈನಂದಿನ ಮಳೆ ದತ್ತಾಂಶವನ್ನು ಬಳಸುತ್ತಿದ್ದೇನೆ. ಹಿಂದೆ ನಮ್ಮ ವಿಭಾಗದಲ್ಲಿದ್ದವರು ಅದನ್ನು ವರ್ಷಕ್ಕೊಂದರಂತೆ ಟೆಕ್ಸ್ಟ್ ಫೈಲ್ ಮಾಡಿ ಇಟ್ಟಿದ್ದರು. ಆ ಟೆಕ್ಸ್ಟ್‌ನಲ್ಲಿ ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳೊಳಗೆ ಬರುವ ಚೌಕಗಳ ಅಂಕಿಗಳನ್ನು ತಾಲ್ಲೂಕು ಮಳೆಮಾಪಕಗಳ ಓದಿನೊಂದಿಗೆ ಹೋಲಿಸಿ ನಾನು ತಿದ್ದಿದ್ದೇನೆ. ಹೀಗಾಗಿ ಮೂಲ ಬೈನರಿ ಫೈಲನ್ನು (ಅಂಕಿಗಳನ್ನು ಅಕ್ಷರಗಳಾಗಿ ಅಲ್ಲದೆ ನೇರ ಬೈಟುಗಳಾಗಿ ಇಡುವ ಫೈಲ್) ಮತ್ತೆ ಇಳಿಸಿಕೊಂಡರೆ ನನ್ನ ಕೆಲಸಕ್ಕೆ ಆಗುವುದಿಲ್ಲ, ತಿದ್ದಿದ ಟೆಕ್ಸ್ಟನ್ನೇ ಬೈನರಿಗೆ ಬದಲಾಯಿಸಬೇಕಾಗಿದೆ. ತೇವಾಂಶ ಲೆಕ್ಕ ಹಾಕುವ ಫೋರ್ಟ್ರಾನ್ ಭಾಷೆಯ ಹಳೆಯ ಪ್ರೋಗ್ರಾಂ ಬೈನರಿಯನ್ನು ಬಿಟ್ಟು ಬೇರೇನನ್ನೂ ಓದುವುದಿಲ್ಲ.

ಒಂದು ದಿನಕ್ಕೆ 129 ಸಾಲು, ಸಾಲಿಗೆ 135 ಅಂಕಿ, ಅಂಕಿಗೆ 4 ಬೈಟ್ ಎಂದು ಲೆಕ್ಕ ಹಾಕಿದರೆ ದಿನಕ್ಕೆ 69,660 ಬೈಟ್ ಆಗುತ್ತದೆ, 365 ದಿನಕ್ಕೆ 2,54,25,900 ಬೈಟ್ ಆಗಬೇಕು. ನಾನೇ ಬರೆದ ಚಿಕ್ಕ ಫೋರ್ಟ್ರಾನ್ ಪ್ರೋಗ್ರಾಂನಿಂದ ಬಂದ 2015ರ ಫೈಲ್ 2,54,28,820 ಬೈಟ್ ಇದೆ. ಅಂದರೆ 2,920 ಬೈಟ್ ಹೆಚ್ಚು.

ಫೈಲನ್ನು ಪೈಥಾನ್‌ನಲ್ಲಿ ತೆರೆದು ಕಲಬುರಗಿಯ ಚೌಕವನ್ನು, ಅಂದರೆ 17.25 ಉತ್ತರ ಮತ್ತು 76.75 ಪೂರ್ವವನ್ನು, ನೋಡಿದರೆ ಜೂನ್ ತಿಂಗಳು ಪೂರ್ತಿ -999, ಅಂದರೆ ಮಾಹಿತಿ ಇಲ್ಲ ಎಂಬ ಗುರುತನ್ನು, ತೋರಿಸುತ್ತದೆ. ಆದರೆ ಜುಲೈ 12ರ ಸುಮಾರಿನಿಂದ 28ರ ವರೆಗೆ ಮಳೆಯ ಅಂಕಿಗಳು ಬರುತ್ತವೆ, ಅವು ನೋಡಲು ಸರಿಯಾಗಿಯೇ ಇವೆ. ನನ್ನನ್ನು ಹೆಚ್ಚು ಗೊಂದಲಕ್ಕೆ ಕೆಡವಿದ್ದು ಇದೇ. ಫೈಲ್ ಕೆಟ್ಟಿದ್ದರೆ ಪೂರ್ತಿ ಕೆಡಬೇಕಿತ್ತು. ನಡುವೆ ಸುಮಾರು ಹದಿನೈದು ದಿನ ಮಾತ್ರ ಸರಿಯಾಗಿರಲು ಹೇಗೆ ಸಾಧ್ಯ? ತಿಳಿದವರು ದಯವಿಟ್ಟು ಹೇಳಬೇಕು.

ಕಾಗಿಣಾ ದಂಡೆ (ಸೇಡಂ)

ತೊಗರಿಹೊಲ ಅವರೇ, ಪ್ರಶ್ನೆಯನ್ನು ಅಂಕಿ ಸಮೇತ ಕೇಳಿದ್ದೀರಿ, ಆದ್ದರಿಂದ ಉತ್ತರದ ಅರ್ಧ ಅದರಲ್ಲೇ ಇದೆ. 2,920ನ್ನು 365ರಿಂದ ಭಾಗಿಸಿದರೆ ಸರಿಯಾಗಿ 8 ಬರುತ್ತದೆ. ಪ್ರತಿ ದಿನದ ದತ್ತಾಂಶಕ್ಕೂ ಯಾರೋ 8 ಬೈಟ್ ಸೇರಿಸುತ್ತಿದ್ದಾರೆ. ಯಾರು ಎಂಬುದರ ಬಗ್ಗೆ ನನಗೆ ಅಂದಾಜಿದೆ, ಆದರೆ ಅಂದಾಜಿನ ಮೇಲೆ ಹೇಳುವುದಕ್ಕಿಂತ ಫೈಲನ್ನೇ ಕೇಳುವುದು ಒಳ್ಳೆಯದು. ಲಿನಕ್ಸ್‌ನಲ್ಲಿ ಎಕ್ಸ್‌ಎಕ್ಸ್‌ಡಿ ಎಂಬ ಕಮಾಂಡ್ ಇದೆ, ಅದು ಫೈಲಿನ ಬೈಟುಗಳನ್ನು ಹದಿನಾರರ ಸಂಖ್ಯಾಪದ್ಧತಿಯಲ್ಲಿ ತೋರಿಸುತ್ತದೆ. ಮೊದಲ 8 ಬೈಟ್ ಏನೆಂದು ನೋಡಿ ಇಲ್ಲಿ ಹಾಕಿ.

ತೊಗರಿಹೊಲ (ಕಲಬುರಗಿ)

ನೋಡಿದೆ ಸರ್. ಹೀಗಿವೆ: 1ಸಿ 10 01 00 00 ಸಿ0 79 ಸಿ4.

ಕಾಗಿಣಾ ದಂಡೆ (ಸೇಡಂ)

ಇಷ್ಟು ಸಾಕು. ಮೊದಲ ನಾಲ್ಕು ಬೈಟನ್ನು ಬಿಡಿಸೋಣ. ನಮ್ಮ ಕಂಪ್ಯೂಟರುಗಳು ಚಿಕ್ಕ ಸ್ಥಾನದ ಬೈಟನ್ನು ಮೊದಲು ಬರೆಯುತ್ತವೆ. 1ಸಿ ಎಂದರೆ 28, 10 ಎಂದರೆ 16, 01 ಎಂದರೆ 1. ಆಗ 28ಕ್ಕೆ 16 ಗುಣಿಸು 256 ಸೇರಿಸಿ, ಮತ್ತೆ 65,536 ಸೇರಿಸಿದರೆ 69,660 ಆಗುತ್ತದೆ. ಇದು ಮಳೆಯ ಅಂಕಿಯಲ್ಲ, ಒಂದು ದಿನದ ದತ್ತಾಂಶದ ಉದ್ದ. ಫೋರ್ಟ್ರಾನ್‌ನಲ್ಲಿ ಫೈಲನ್ನು "ಅನ್‌ಫಾರ್ಮ್ಯಾಟೆಡ್" ಎಂದು ಮಾತ್ರ ಹೇಳಿ ತೆರೆದರೆ ಅದು ಸೀಕ್ವೆನ್ಷಿಯಲ್, ಅಂದರೆ ಒಂದರ ಹಿಂದೊಂದು ರೆಕಾರ್ಡ್ ಬರೆಯುವ, ಕ್ರಮವನ್ನು ಹಿಡಿಯುತ್ತದೆ. ಆ ಕ್ರಮದಲ್ಲಿ ಜಿಫೋರ್ಟ್ರಾನ್ ಎಂಬ ಕಂಪೈಲರ್ ಪ್ರತಿ ರೆಕಾರ್ಡಿನ (ಇಲ್ಲಿ ಒಂದು ದಿನದ ದತ್ತಾಂಶದ) ಹಿಂದೆ 4 ಬೈಟ್ ಮತ್ತು ಮುಂದೆ 4 ಬೈಟ್‌ನಲ್ಲಿ ರೆಕಾರ್ಡಿನ ಉದ್ದವನ್ನು ಬರೆದಿಡುತ್ತದೆ. ಅದೇ ಫೋರ್ಟ್ರಾನ್ ಅದೇ ಕ್ರಮದಲ್ಲಿ ಮರಳಿ ಓದಿದರೆ ಈ ಗುರುತುಗಳು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಪೈಥಾನ್ ಬರೀ ಬೈಟುಗಳನ್ನು ಓದುವುದರಿಂದ ಅವನ್ನೂ ಮಳೆ ಎಂದೇ ಎಣಿಸಿತು. ಅದರ ನಂತರ ಬರುವ 00 ಸಿ0 79 ಸಿ4 ಎಂಬುದೇ ನಿಮ್ಮ ನಿಜವಾದ ಮೊದಲ ಅಂಕಿ, ಅಂದರೆ -999.0. ಈ ದತ್ತಾಂಶದ ಮೊದಲ ಬಿಂದು 6.5 ಉತ್ತರ, 66.5 ಪೂರ್ವ. ಅದು ಸಮುದ್ರದಲ್ಲಿರುವುದರಿಂದ ಅಲ್ಲಿ -999 ಇರುವುದೇ ಸರಿ.

ಈಗ ಜುಲೈ ತಿಂಗಳ ಹದಿನೈದು ದಿನದ ಪ್ರಶ್ನೆಗೆ ಬರೋಣ, ಏಕೆಂದರೆ ಇದನ್ನು ಅರ್ಥ ಮಾಡಿಕೊಳ್ಳದೆ ಬರೀ ಪರಿಹಾರ ಹೇಳಿದರೆ ನಾಳೆ ಇನ್ನೊಂದು ಫೈಲ್‌ನಲ್ಲಿ ಇದೇ ತೊಂದರೆ ಆದಾಗ ನಿಮಗೆ ಗುರುತು ಹತ್ತುವುದಿಲ್ಲ. ಜನವರಿ 1ರ ದತ್ತಾಂಶದ ಮುಂದೆ ಒಂದು ಗುರುತು ಇದೆ, ಹಾಗಾಗಿ ಆ ದಿನದ ಓದು ಒಂದು ಚೌಕ ಪಶ್ಚಿಮಕ್ಕೆ ಸರಿಯುತ್ತದೆ. ಜನವರಿ 2ರ ಹೊತ್ತಿಗೆ ಮೂರು ಗುರುತು ದಾಟಿರುತ್ತೇವೆ, ಮೂರು ಚೌಕ ಸರಿಯುತ್ತದೆ. ಹೀಗೆ ದಿನಕ್ಕೆರಡು ಚೌಕ, ಅಂದರೆ ಅರ್ಧ ಡಿಗ್ರಿ, ಪಶ್ಚಿಮಕ್ಕೆ ಜಾರುತ್ತ ಹೋಗುತ್ತದೆ. ನೀವು ಕಲಬುರಗಿ ಎಂದು ಓದಿದ ಅಂಕಿ ಜನವರಿ 7ರಂದು 73.5 ಪೂರ್ವಕ್ಕೆ, ಅಂದರೆ ಕೊಂಕಣಕ್ಕೆ, ಹೋಗಿರುತ್ತದೆ. ಜನವರಿ 8ರಂದು 73.0ಕ್ಕೆ, ಅರಬ್ಬೀ ಸಮುದ್ರಕ್ಕೆ, ಇಳಿದಿರುತ್ತದೆ. ಪಶ್ಚಿಮದ ಅಂಚು ಮುಗಿದ ಮೇಲೆ ಒಂದು ಸಾಲು ದಕ್ಷಿಣಕ್ಕೆ ಇಳಿದು ಪೂರ್ವದ ಅಂಚಿನಿಂದ, ಅಂದರೆ 100 ಡಿಗ್ರಿಯ ಕಡೆಯಿಂದ, ಮತ್ತೆ ಶುರುವಾಗುತ್ತದೆ.

ವರ್ಷದ 68ನೆಯ ದಿನಕ್ಕೆ, ಅಂದರೆ ಮಾರ್ಚ್ 9ಕ್ಕೆ, ಜಾರಿಕೆ ಸರಿಯಾಗಿ 135 ಚೌಕ, ಒಂದು ಪೂರ್ಣ ಸಾಲು ಆಗುತ್ತದೆ. ಆ ದಿನ ನೀವು ಓದುವುದು 17.0 ಉತ್ತರದ್ದು, ರೇಖಾಂಶ ಮಾತ್ರ ಸರಿಯಾಗಿರುತ್ತದೆ. ಜೂನ್ 1ರಂದು 303 ಚೌಕ ಜಾರಿರುತ್ತದೆ, ಅದು 16.75 ಉತ್ತರ, 68.5 ಪೂರ್ವ, ಸಮುದ್ರ. ಜುಲೈ 12ರ ಹೊತ್ತಿಗೆ 16.5 ಉತ್ತರದ ಸಾಲಿನಲ್ಲಿ ಆಂಧ್ರದ ಕರಾವಳಿಯನ್ನು ಮುಟ್ಟಿ, ಜುಲೈ 22ರಂದು ನಮ್ಮ ರೇಖಾಂಶಕ್ಕೆ ಬಂದು, ಜುಲೈ 28ರ ಸುಮಾರಿಗೆ ಕೊಂಕಣ ದಾಟುತ್ತದೆ. ನೀವು ಸರಿ ಎಂದುಕೊಂಡ ಹದಿನೈದು ದಿನದ ಮಳೆ ನಿಜವಾದ ಮಳೆಯೇ ಹೌದು, ಆದರೆ ಅದು ಕಲಬುರಗಿಯದಲ್ಲ. ನನ್ನ ಮಟ್ಟಿಗೆ -999ಕ್ಕಿಂತ ಈ ಹದಿನೈದು ದಿನವೇ ಅಪಾಯಕಾರಿ. ನೀವು ಜುಲೈ ತಿಂಗಳನ್ನು ಮಾತ್ರ ಪರೀಕ್ಷಿಸಿ ಮುಂದೆ ಹೋಗಿದ್ದರೆ ಪ್ರಬಂಧದ ಕೊನೆಯ ವರೆಗೂ ಇದು ತಿಳಿಯುತ್ತಿರಲಿಲ್ಲ.

ಪರಿಹಾರ ಚಿಕ್ಕದು. ಫೈಲ್ ತೆರೆಯುವ ಸಾಲಿನಲ್ಲಿ ಆಕ್ಸೆಸ್ ಎಂಬಲ್ಲಿ "ಸ್ಟ್ರೀಮ್" ಎಂದು ಬರೆಯಿರಿ. ಇದು 2003ರ ಫೋರ್ಟ್ರಾನ್ ಮಾನಕದಿಂದ ಬಂದಿದೆ, ಇದರಲ್ಲಿ ಗುರುತುಗಳು ಬರುವುದಿಲ್ಲ. "ಡೈರೆಕ್ಟ್" ಎಂದು ಬರೆದು ರೆಕಾರ್ಡಿನ ಉದ್ದ ಕೊಡುವುದೂ ಉಂಟು. ಆದರೆ ಆ ಉದ್ದವನ್ನು ಜಿಫೋರ್ಟ್ರಾನ್ ಬೈಟಿನಲ್ಲಿ ಎಣಿಸಿದರೆ, ಇಂಟೆಲ್ ಕಂಪೈಲರ್ ಬೇರೆ ಸೂಚನೆ ಕೊಡದಿದ್ದಾಗ 4 ಬೈಟಿನ ಲೆಕ್ಕದಲ್ಲಿ ಎಣಿಸುತ್ತದೆ. ಕಂಪೈಲರ್ ಬದಲಾದರೆ ಫೈಲ್ ನಾಲ್ಕು ಪಟ್ಟು ಉಬ್ಬಬಹುದು. ಆದ್ದರಿಂದ ಸ್ಟ್ರೀಮ್ ಇರಲಿ.

ಬಿದ್ರಿ (ಬೀದರ್)

ಕಾಗಿಣಾ ದಂಡೆಯವರ ವಿವರಣೆಗೆ ಎರಡು ವಿಷಯ ಸೇರಿಸುತ್ತೇನೆ. ನಾನು ಕಾಲೇಜಿನಲ್ಲಿ ಗಣಕವಿಜ್ಞಾನ ಹೇಳಿಕೊಡುತ್ತೇನೆ, ಪ್ರತಿ ವರ್ಷ ಯಾರಾದರೂ ಒಬ್ಬರು ಈ ತಪ್ಪು ಮಾಡಿಕೊಂಡು ಬರುತ್ತಾರೆ.

ಮೊದಲನೆಯದು ಸಾಲುಗಳ ಕ್ರಮ. ಈ ದತ್ತಾಂಶದ ಮೊದಲ ಸಾಲು ದಕ್ಷಿಣದ್ದು, ಕೊನೆಯ ಸಾಲು 38.5 ಉತ್ತರದ್ದು. ಇದನ್ನು ಚಿತ್ರವಾಗಿ ತೆರೆದರೆ ಕನ್ಯಾಕುಮಾರಿ ಮೇಲೆ, ಕಾಶ್ಮೀರ ಕೆಳಗೆ ಕಾಣುತ್ತದೆ. ಭಾರತ ತಲೆಕೆಳಗಾಗಿದೆ ಎಂದು ಕೆಲವರು ಅದನ್ನು ತಿರುಗಿಸಿ, ತಿರುಗಿಸಿದ್ದನ್ನೇ ಬೈನರಿಗೆ ಬರೆಯುತ್ತಾರೆ. ಆಗ ಕಲಬುರಗಿ ಎಂದು ಓದಿದಲ್ಲಿ 27.75 ಉತ್ತರ ಸಿಗುತ್ತದೆ, ಅದು ರಾಜಸ್ಥಾನದ ಅಲ್ವರ್ ಸಮೀಪದ ಮಳೆ. ಫೈಲಿನ ಗಾತ್ರ ಸರಿಯಿರುತ್ತದೆ, ಗರಿಷ್ಠ ಕನಿಷ್ಠ ಅಂಕಿಗಳೂ ಸರಿಯಿರುತ್ತವೆ, ಊರು ಮಾತ್ರ ಬೇರೆಯಾಗಿರುತ್ತದೆ. ಚಿತ್ರವನ್ನು ತೋರಿಸುವಾಗ ಬೇಕಾದರೆ ತಿರುಗಿಸಬಹುದು, ಬರೆಯುವಾಗ ಮುಟ್ಟಬಾರದು. ಫೋರ್ಟ್ರಾನ್‌ನಲ್ಲಿ ಅರೆಯ (ಅಂಕಿಗಳ ಕೋಷ್ಟಕದ) ಮೊದಲ ಸೂಚ್ಯಂಕ ವೇಗವಾಗಿ ಓಡುತ್ತದೆ, ಪೈಥಾನ್‌ನ ನಂಪೈ ಲೈಬ್ರರಿಯಲ್ಲಿ ಕೊನೆಯದು. ಆದ್ದರಿಂದ ಫೋರ್ಟ್ರಾನ್‌ನಲ್ಲಿ 135 ಮೊದಲು, ನಂಪೈನಲ್ಲಿ 129 ಮೊದಲು ಬರಬೇಕು ಎಂಬುದನ್ನೂ ನೆನಪಿಡಿ.

ಗುರುತಿಗಾಗಿ ಮೂರು ಊರಿನ ಸ್ಥಾನಗಳನ್ನು ಲೆಕ್ಕ ಹಾಕಿ ಕೊಡುತ್ತೇನೆ. ಕಲಬುರಗಿಗೆ ಹತ್ತಿರದ ಬಿಂದು 17.25, 76.75, ಅದು ದಿನದ ಆರಂಭದಿಂದ 23,384 ಬೈಟ್ ದೂರದಲ್ಲಿದೆ. ಬೀದರಿಗೆ 18.0, 77.5, ದೂರ 25,016 ಬೈಟ್. ಯಾದಗಿರಿಗೆ 16.75, 77.25, ದೂರ 22,312 ಬೈಟ್. ಅಧಿಕ ದಿನವಿಲ್ಲದ ವರ್ಷದಲ್ಲಿ ಜೂನ್ 1ಕ್ಕೆ ಮುನ್ನ 151 ದಿನ, ಅಂದರೆ 1,05,18,660 ಬೈಟ್, ಕಳೆದಿರುತ್ತವೆ. ಅದಕ್ಕೆ 23,384 ಸೇರಿಸಿದರೆ 1,05,42,044. ನಿಮ್ಮ ಹೊಸ ಫೈಲ್‌ನಲ್ಲಿ ಆ ಸ್ಥಾನಕ್ಕೆ ಹೋಗಿ ನಾಲ್ಕು ಬೈಟ್ ಓದಿ, ಟೆಕ್ಸ್ಟ್‌ನಲ್ಲಿರುವ ಜೂನ್ 1ರ ಅಂಕಿಯ ಜೊತೆ ಕೈಯಿಂದಲೇ ತಾಳೆ ನೋಡಿ.

ಎರಡನೆಯದು ಸಲಹೆ. ಇಷ್ಟು ಕಷ್ಟಪಟ್ಟು ಬರೀ ಬೈನರಿ ಮಾಡುವ ಬದಲು ನೆಟ್‌ಸಿಡಿಎಫ್ ಮಾಡಿ ಎಂಬುದು ನನ್ನ ಅಭಿಪ್ರಾಯ. ಅದೂ ಬೈನರಿಯೇ, ಆದರೆ ಅಕ್ಷಾಂಶ, ರೇಖಾಂಶ, ದಿನಾಂಕ, ಅಳತೆಯ ಮಾನ, ಮಾಹಿತಿ ಇಲ್ಲದ ಕಡೆಯ ಗುರುತು, ಇವೆಲ್ಲವೂ ಫೈಲಿನ ಒಳಗೇ ಇರುತ್ತವೆ. ಹತ್ತು ವರ್ಷ ಬಿಟ್ಟು ಯಾರು ತೆರೆದರೂ ಅದು ಏನೆಂದು ಅದೇ ಹೇಳುತ್ತದೆ. ನಾನೇ ಒಮ್ಮೆ ಮಳೆಯ ಫೈಲಿನ ವಿವರಣೆಯನ್ನು ಉಷ್ಣಾಂಶದ ಫೈಲಿಗೆ ನಕಲು ಮಾಡಿದ್ದೆ. ಮಳೆಯಲ್ಲಿ ಮಾಹಿತಿ ಇಲ್ಲ ಎಂಬುದಕ್ಕೆ -999, ಉಷ್ಣಾಂಶದ 1 ಡಿಗ್ರಿ ದತ್ತಾಂಶದಲ್ಲಿ ಅದಕ್ಕೆ 99.9. ನನ್ನ ಪ್ರೋಗ್ರಾಂ 99.9ನ್ನು ನಿಜವಾದ ಬಿಸಿಲೆಂದು ಸರಾಸರಿಗೆ ಸೇರಿಸಿತು, ಅದನ್ನು ಹುಡುಕಲು ಎರಡು ವಾರ ಹೋಯಿತು.

ಕಾಗಿಣಾ ದಂಡೆ (ಸೇಡಂ)

ಬಿದ್ರಿಯವರ ಮಾತನ್ನು ಗೌರವದಿಂದ ಒಪ್ಪುತ್ತೇನೆ, ಆದರೆ ಪೂರ್ತಿಯಾಗಿ ಅಲ್ಲ. ತೊಗರಿಹೊಲ ಅವರ ತೇವಾಂಶದ ಪ್ರೋಗ್ರಾಂ ನೆಟ್‌ಸಿಡಿಎಫ್ ಓದುವುದಿಲ್ಲ. ಅದನ್ನು ಓದುವಂತೆ ಮಾಡಬೇಕಾದರೆ ಹಳೆಯ ಕೋಡಿಗೆ ಲೈಬ್ರರಿ ಜೋಡಿಸಬೇಕು, ಪ್ರಬಂಧದ ಕೊನೆಯ ಹಂತದಲ್ಲಿರುವ ವಿದ್ಯಾರ್ಥಿನಿಗೆ ಅದು ಹೊರೆ. ಬರೀ ಬೈನರಿಯಲ್ಲಿ ದೋಷವೇನೂ ಇಲ್ಲ. ಅದರ ಪಕ್ಕದಲ್ಲಿ ವಿವರಣೆ ಇಲ್ಲದಿರುವುದು ದೋಷ. ಗ್ರ್ಯಾಡ್ಸ್ ಎಂಬ ಹವಾಮಾನ ನಕ್ಷೆಯ ತಂತ್ರಾಂಶ ಬಳಸುವವರು ಇದಕ್ಕಾಗಿಯೇ ಕಂಟ್ರೋಲ್ ಫೈಲ್ ಇಡುತ್ತಾರೆ. ಹತ್ತು ಸಾಲಿನ ಟೆಕ್ಸ್ಟ್ ಫೈಲ್ ಅದು: ರೇಖಾಂಶ 66.5ರಿಂದ 0.25ರಂತೆ 135, ಅಕ್ಷಾಂಶ 6.5ರಿಂದ 0.25ರಂತೆ 129, ಮಾಹಿತಿ ಇಲ್ಲದಕ್ಕೆ -999, ಮೊದಲ ದಿನ ಯಾವುದು, ಒಟ್ಟು ದಿನ ಎಷ್ಟು. ಇದು ಬೈನರಿಯಿಂದ ಒಂದು ಕ್ಷಣವೂ ಅಗಲಬಾರದು.

ತೊಗರಿಹೊಲ (ಕಲಬುರಗಿ)

ಇಬ್ಬರಿಗೂ ಕೃತಜ್ಞತೆಗಳು ಸರ್. ಸ್ಟ್ರೀಮ್ ಎಂದು ಬದಲಾಯಿಸಿದೆ, ಗಾತ್ರ ಸರಿಯಾಗಿ 2,54,25,900 ಬಂದಿದೆ. ಬಿದ್ರಿ ಸರ್ ಹೇಳಿದ ಮೂರೂ ಸ್ಥಾನಗಳಲ್ಲಿ ಓದಿ ನೋಡಿದೆ, ಟೆಕ್ಸ್ಟ್‌ನ ಅಂಕಿಯೇ ಸಿಕ್ಕಿದೆ. ಮಿರಗ (ಮೃಗಶಿರ ಮಳೆ) ಕೂಡುವ ಜೂನ್ 7, 8ರ ಅಂಕಿಗಳನ್ನೂ ನೋಡಿದೆ, ಅವೂ ಸರಿ ಇವೆ.

ಆದರೆ ಈಗ ಹೊಸ ತೊಂದರೆ ಎದುರಾಗಿದೆ. ಪೈಥಾನ್‌ನಲ್ಲಿ ಸರಿಯಾಗಿ ಕಾಣುವ ಇದೇ ಫೈಲನ್ನು ತೇವಾಂಶದ ಪ್ರೋಗ್ರಾಂಗೆ ಕೊಟ್ಟರೆ ಮಳೆಯ ಕಾಲಂನಲ್ಲಿ ಕೆಲವು ದಿನ 0.0 ಎಂದೂ ಕೆಲವು ದಿನ ಬರೀ ನಕ್ಷತ್ರ ಚಿಹ್ನೆಗಳೂ ಅಚ್ಚಾಗುತ್ತಿವೆ. 25.0 ಮಿ.ಮೀ. ಮಳೆ ಬಿದ್ದ ದಿನ 0.0 ಬಂದಿದೆ, 12.4 ಬಿದ್ದ ದಿನ ನಕ್ಷತ್ರಗಳು ಬಂದಿವೆ. -999 ಎಲ್ಲಿಯೂ ಕಾಣುತ್ತಿಲ್ಲ.

ಬಿದ್ರಿ (ಬೀದರ್)

ಇದು ಬೈಟುಗಳ ಕ್ರಮದ ತೊಂದರೆ, ಅನುಮಾನವೇ ಇಲ್ಲ. ನಿಮ್ಮ ಎರಡು ಉದಾಹರಣೆಗಳು ಇದನ್ನು ಬಹಳ ಚೆನ್ನಾಗಿ ತೋರಿಸುತ್ತವೆ, ಆದ್ದರಿಂದ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

25.0 ಎಂಬುದನ್ನು ನಾಲ್ಕು ಬೈಟಿನ ದಶಮಾಂಶ ಸಂಖ್ಯೆಯಾಗಿ ಬರೆದರೆ ದೊಡ್ಡ ಸ್ಥಾನದಿಂದ ಓದುವಾಗ 41 ಸಿ8 00 00 ಆಗುತ್ತದೆ. ನಮ್ಮ ಕಂಪ್ಯೂಟರುಗಳು ಇದನ್ನು ತಿರುಗಿಸಿ 00 00 ಸಿ8 41 ಎಂದು ಡಿಸ್ಕಿನಲ್ಲಿ ಇಡುತ್ತವೆ. ನಿಮ್ಮ ಹಳೆಯ ಪ್ರೋಗ್ರಾಂ ಅದನ್ನು ತಿರುಗಿಸದೆ ಇದ್ದ ಹಾಗೇ ದೊಡ್ಡ ಸ್ಥಾನದಿಂದ ಓದುತ್ತಿದೆ. ಈ ಸಂಖ್ಯೆಯ ಘಾತ ಮೊದಲ ಎರಡು ಬೈಟುಗಳಲ್ಲಿರುತ್ತದೆ. ಅಲ್ಲಿ ಈಗ ಸೊನ್ನೆ ಬಂದು ಕುಳಿತಿದೆ, ಆದ್ದರಿಂದ ಬೆಲೆ ದಶಮಾಂಶ ಬಿಂದುವಿನ ನಂತರ ನಲವತ್ತು ಸೊನ್ನೆ ಬರುವಷ್ಟು ಚಿಕ್ಕದಾಗಿ ಅಚ್ಚಿನಲ್ಲಿ 0.0 ಎಂದು ಕಾಣುತ್ತದೆ. 12.4 ಹಾಗಲ್ಲ. ಅದರ ಬೈಟುಗಳು 41 46 66 66. ತಿರುಗಿಸಿ ಇಟ್ಟಿದ್ದನ್ನು ಹಾಗೇ ಓದಿದರೆ ಮೊದಲಿಗೆ 66 ಬರುತ್ತದೆ, ಬೆಲೆ ಸುಮಾರು 2.7 ಗುಣಿಸು 10ರ 23ನೆಯ ಘಾತ ಆಗುತ್ತದೆ. ಫೋರ್ಟ್ರಾನ್‌ನಲ್ಲಿ ಅಚ್ಚಿಗೆ ಮೀಸಲಿಟ್ಟ ಅಗಲದಲ್ಲಿ ಅಂಕಿ ಹಿಡಿಸದಿದ್ದರೆ ಅದು ನಕ್ಷತ್ರಗಳನ್ನು ತುಂಬುತ್ತದೆ. ನೀವು ನೋಡಿದ್ದು ಅದೇ.

-999.0 ಸಹ ತಿರುಗಿ ಓದಿದಾಗ ಸೊನ್ನೆಯ ಹತ್ತಿರದ ಅಂಕಿಯಾಗುತ್ತದೆ. ಇಲ್ಲಿ ನಾನು ಒತ್ತಿ ಹೇಳುವುದೇನೆಂದರೆ, ನಕ್ಷತ್ರಗಳು ಬಂದದ್ದು ನಿಮ್ಮ ಪುಣ್ಯ. ಅವು ಇಲ್ಲದೆ ಪೂರ್ಣಾಂಕದ ಮಳೆ ಮಾತ್ರ ಇದ್ದಿದ್ದರೆ, ಮಳೆ ಬಿದ್ದ ದಿನವೂ ಮಾಹಿತಿ ಇಲ್ಲದ ದಿನವೂ ಒಂದೇ ಸಮನೆ ಒಣ ದಿನಗಳಾಗಿ ಪ್ರೋಗ್ರಾಂ ಒಳಗೆ ಹೋಗುತ್ತಿದ್ದವು. 2015ರಂತಹ ಬರದ ವರ್ಷದಲ್ಲಿ ಯಾರೂ ಅದನ್ನು ಪ್ರಶ್ನಿಸುತ್ತಿರಲಿಲ್ಲ.

ಪ್ರೋಗ್ರಾಂ ಕಂಪೈಲ್ ಮಾಡುವ ಮೇಕ್‌ಫೈಲ್ ತೆರೆದು "ಎಫ್‌ಕನ್ವರ್ಟ್" ಎಂಬ ಆಯ್ಕೆಯಲ್ಲಿ ಬಿಗ್ ಎಂಡಿಯನ್ (ದೊಡ್ಡ ಸ್ಥಾನದ ಬೈಟ್ ಮೊದಲು) ಎಂದು ಇದೆಯೇ ನೋಡಿ. ಹಳೆಯ ವರ್ಕ್‌ಸ್ಟೇಷನ್‌ಗಳ ಕಾಲದ ಫೈಲುಗಳನ್ನು ಓದಲು ಯಾರೋ ಹಾಕಿರಬಹುದು.

ತೊಗರಿಹೊಲ (ಕಲಬುರಗಿ)

ಇದೆ ಸರ್, ಹಾಗೆಯೇ ಇದೆ. ಈಗ ನಾನು ದತ್ತಾಂಶವನ್ನು ತಿರುಗಿಸಿ ಬರೆಯಲೇ, ಆ ಆಯ್ಕೆಯನ್ನು ತೆಗೆಯಲೇ? ಪೈಥಾನ್‌ನಲ್ಲಿ ಟೈಪ್ ಎಂಬಲ್ಲಿ ‘>ಎಫ್4’ ಎಂದರೆ ಒಂದೇ ಸಾಲಿನಲ್ಲಿ ಆಗಿಬಿಡುತ್ತದೆ ಎಂದು ಗೆಳತಿಯೊಬ್ಬಳು ಹೇಳಿದಳು.

ಕಾಗಿಣಾ ದಂಡೆ (ಸೇಡಂ)

ಆಯ್ಕೆಯನ್ನು ತೆಗೆಯಿರಿ. ಹವಾಮಾನ ಇಲಾಖೆಯ ಮೂಲ ಫೈಲುಗಳು ಯಾವ ಕ್ರಮದಲ್ಲಿವೆಯೋ ನಿಮ್ಮವೂ ಅದೇ ಕ್ರಮದಲ್ಲಿರಲಿ. ಎರಡು ಕ್ರಮದ ಫೈಲುಗಳು ಒಂದೇ ಫೋಲ್ಡರಿನಲ್ಲಿ ಬೆರೆತರೆ ಬಿಡಿಸುವವರು ಯಾರು? ಆಯ್ಕೆ ತೆಗೆದ ಮೇಲೆ ಪ್ರೋಗ್ರಾಂ ಓದುವ ಇತರ ಬೈನರಿಗಳು, ಉದಾಹರಣೆಗೆ ಮಣ್ಣಿನ ಗುಣದ ಫೈಲ್, ಹಳೆಯ ಕ್ರಮದಲ್ಲೇ ಉಳಿದಿವೆಯೇ ಎಂದು ಮಾತ್ರ ನೋಡಿಕೊಳ್ಳಿ.

ನಂಪೈ ಬಳಸುವುದಾದರೆ ಇನ್ನೊಂದು ಮಾತು. ಅದು ತಾನಾಗಿ ದಶಮಾಂಶ ಅಂಕಿಗಳನ್ನು 8 ಬೈಟಿನಲ್ಲಿ ಇಡುತ್ತದೆ. ಹಾಗೇ ಬರೆದರೆ ಫೈಲ್ 5,08,51,800 ಬೈಟ್ ಆಗುತ್ತದೆ. ಸರಿಯಾಗಿ ಎರಡು ಪಟ್ಟು ಕಂಡರೆ ಕಾರಣ ಇದೇ ಎಂದು ತಿಳಿಯಿರಿ.

ಸಗರನಾಡು (ಯಾದಗಿರಿ)

ತಂಗಿ, ನಾನು ಕಂಪ್ಯೂಟರ್ ಬಲ್ಲವನಲ್ಲ. ತಾಲ್ಲೂಕು ಕಚೇರಿಯಲ್ಲಿ ಮಳೆ ರಿಜಿಸ್ಟರ್ ಬರೆದು ನಿವೃತ್ತನಾದವನು. ಇಲ್ಲಿ ಹಿರಿಯರು ಬೈಟಿನ ವಿಷಯವನ್ನು ಚೆನ್ನಾಗಿ ಹೇಳಿದ್ದಾರೆ. ಆದರೆ ನೀನು ಮಳೆಮಾಪಕದ ಓದಿನಿಂದ ಚೌಕಗಳನ್ನು ತಿದ್ದಿದ್ದೇನೆ ಎಂದು ಬರೆದಿದ್ದೀಯ, ಆ ಮಾತು ಓದಿ ನನಗೆ ಕೆಲವು ವಿಷಯ ಹೇಳಬೇಕೆನಿಸಿತು. ಟೆಕ್ಸ್ಟ್‌ನಲ್ಲಿ ಇದ್ದಾಗ ಇವು ಕಣ್ಣಿಗೆ ಬೀಳುತ್ತವೆ, ನಾಲ್ಕು ಬೈಟಾದ ಮೇಲೆ ಹುಡುಕುವುದು ಕಷ್ಟ.

ರಿಜಿಸ್ಟರಿನಲ್ಲಿ ಮಳೆ ಬಾರದ ದಿನ ಕೆಲವರು 0 ಎಂದು ಬರೆಯುತ್ತಾರೆ, ಕೆಲವರು ಅಡ್ಡಗೆರೆ ಎಳೆಯುತ್ತಾರೆ. ನಾನು ಅಡ್ಡಗೆರೆ ಎಳೆಯುತ್ತಿದ್ದೆ. ಓದು ತೆಗೆಯದ ದಿನ, ಅಂದರೆ ಸಿಬ್ಬಂದಿ ರಜೆಯಲ್ಲಿದ್ದಾಗ ಅಥವಾ ಅಳತೆಪಾತ್ರೆ ಒಡೆದಿದ್ದಾಗ, ಖಾಲಿ ಬಿಡುತ್ತಿದ್ದೆವು. ಈ ಮೂರನ್ನೂ ಗಣಕಕ್ಕೆ ಏರಿಸಿದವರು ಅಡ್ಡಗೆರೆಯನ್ನೂ ಖಾಲಿ ಜಾಗವನ್ನೂ ಒಂದೇ ಎಂದು ತಿಳಿದು ಸೊನ್ನೆ ತುಂಬಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅಡ್ಡಗೆರೆಗೆ 0, ಖಾಲಿಗೆ -999 ಆಗಬೇಕು. ಯಾವ ಕೇಂದ್ರದವರು ಯಾವ ರೂಢಿ ಇಟ್ಟುಕೊಂಡಿದ್ದರು ಎಂಬುದನ್ನು ಆ ಕೇಂದ್ರದ ಬೇಸಿಗೆಯ ಪುಟ ನೋಡಿದರೆ ತಿಳಿಯುತ್ತದೆ. ಮಾರ್ಚ್ ತಿಂಗಳು ಪೂರ್ತಿ ಅಡ್ಡಗೆರೆ ಇದ್ದರೆ ಅಲ್ಲಿ ಅಡ್ಡಗೆರೆಯ ಅರ್ಥ ಮಳೆ ಇಲ್ಲ ಎಂದೇ.

ದಿನಾಂಕವನ್ನೂ ನೋಡು. ಮಳೆಯನ್ನು ಬೆಳಿಗ್ಗೆ 8:30ಕ್ಕೆ ಅಳೆಯುತ್ತೇವೆ, ಅದು ಹಿಂದಿನ 24 ಗಂಟೆಯ ಮಳೆ. 10ನೆಯ ತಾರೀಖಿನ ರಾತ್ರಿ ಬಿದ್ದ ಮಳೆ 11ನೆಯ ತಾರೀಖಿನ ಲೆಕ್ಕಕ್ಕೆ ಬರಬೇಕು. ಕೆಲವು ಕಡೆ ಅದನ್ನು ಬಿದ್ದ ದಿನಕ್ಕೇ ಬರೆದಿರುತ್ತಾರೆ. ನಿನ್ನ ಚೌಕದ ಅಂಕಿಗೂ ನಿನ್ನ ಮಾಪಕದ ಅಂಕಿಗೂ ಒಂದು ದಿನದ ವ್ಯತ್ಯಾಸ ಬಂದರೆ, ತಿದ್ದುವ ಮೊದಲು ಇದನ್ನು ವಿಚಾರಿಸು.

ಊರಿನ ಹೆಸರು ಇನ್ನೊಂದು ತೊಡಕು. 2014ರ ನವೆಂಬರಿನಲ್ಲಿ ಗುಲ್ಬರ್ಗಾ ಹೋಗಿ ಕಲಬುರಗಿ ಆಯಿತು, ಆದರೆ 2019ರಲ್ಲಿ ನಮ್ಮ ತೊಗರಿ ಬೇಳೆಗೆ ಭೌಗೋಳಿಕ ಸೂಚಿಕೆ ಸಿಕ್ಕಾಗಲೂ ಗುಲ್ಬರ್ಗಾ ಎಂಬ ಹೆಸರಿನಲ್ಲೇ ಸಿಕ್ಕಿತು. ಹಾಗೆಯೇ ಮಳೆ ಪಟ್ಟಿಗಳಲ್ಲೂ ಎರಡೂ ಹೆಸರು ಇವೆ. 2009ರ ಡಿಸೆಂಬರ್ ಕೊನೆಯಲ್ಲಿ ಯಾದಗಿರಿ ಜಿಲ್ಲೆಯಾಗುವ ಮುನ್ನ ಶಹಾಪುರ, ಸುರಪುರದ ಮಳೆ ಗುಲ್ಬರ್ಗಾ ಜಿಲ್ಲೆಯ ಪಟ್ಟಿಯಲ್ಲಿತ್ತು. ಈಗ ಕಲಬುರಗಿ ಜಿಲ್ಲೆಯಲ್ಲಿ ಕಮಲಾಪುರ ಎಂಬ ತಾಲ್ಲೂಕು ಇದೆ, ಬೀದರ್ ಜಿಲ್ಲೆಯಲ್ಲಿ ಕಮಲನಗರ ಇದೆ. ಇವೆರಡನ್ನೂ ಅದಲುಬದಲು ಮಾಡಿದ ಪಟ್ಟಿ ನಾನು ನೋಡಿದ್ದೇನೆ.

ತೊಗರಿಹೊಲ (ಕಲಬುರಗಿ)

ಕಾಕಾ, ನೀವು ಬರೆದದ್ದನ್ನು ಓದಿ ಅಂದೇ ಟೆಕ್ಸ್ಟ್‌ಗೆ ಮರಳಿ ಹೋದೆ. ಒಂದು ಕೇಂದ್ರದಲ್ಲಿ ಅಡ್ಡಗೆರೆ ಇದ್ದಲ್ಲೆಲ್ಲ ನಾನು -999 ಹಾಕಿದ್ದೆ, ಅಂದರೆ ಮಳೆ ಇಲ್ಲದ ದಿನಗಳನ್ನೆಲ್ಲ ಮಾಹಿತಿ ಇಲ್ಲ ಎಂದು ಕೈಬಿಟ್ಟಿದ್ದೆ. ನೀವು ಹೇಳಿದಂತೆ ಬೇಸಿಗೆಯ ಪುಟ ನೋಡಿ ಸರಿಪಡಿಸಿದ್ದೇನೆ. ಊರಿನ ಹೆಸರುಗಳನ್ನು ಬಿಟ್ಟು ಪ್ರತಿ ಕೇಂದ್ರಕ್ಕೂ ಒಂದು ಸಂಖ್ಯೆ ಕೊಟ್ಟು, ಸಂಖ್ಯೆಯ ಪಕ್ಕದಲ್ಲಿ ಹಳೆಯ ಹೆಸರು, ಹೊಸ ಹೆಸರು, ಅಕ್ಷಾಂಶ, ರೇಖಾಂಶ ಇರುವ ಒಂದು ಪಟ್ಟಿ ಮಾಡಿದ್ದೇನೆ.

ಇನ್ನೊಂದು ಪ್ರಶ್ನೆ ಉಳಿದಿದೆ. ಬೈನರಿಯನ್ನು ಮತ್ತೆ ಟೆಕ್ಸ್ಟ್ ಮಾಡಿ ಮೂಲದ ಜೊತೆ ಹೋಲಿಸಿದರೆ ಲಕ್ಷಾಂತರ ಅಂಕಿಗಳು ಬೇರೆ ಎಂದು ತೋರಿಸುತ್ತಿದೆ. 12.4 ಇದ್ದಲ್ಲಿ 12.3999996 ಬರುತ್ತಿದೆ.

ಬಿದ್ರಿ (ಬೀದರ್)

ಅದು ತಪ್ಪಲ್ಲ. 25.0 ಎರಡರ ಘಾತಗಳ ಮೊತ್ತವಾಗಿ ಪೂರ್ತಿ ಕೂಡುತ್ತದೆ, 12.4 ಎಷ್ಟು ಬೈಟ್ ಕೊಟ್ಟರೂ ಕೂಡುವುದಿಲ್ಲ, ಹತ್ತಿರದ ಅಂಕಿಯಾಗಿ ಉಳಿಯುತ್ತದೆ. ಮರಳಿ ಬರೆಯುವಾಗ ದಶಮಾಂಶದ ನಂತರ ಒಂದೇ ಸ್ಥಾನಕ್ಕೆ ದುಂಡುಗೊಳಿಸಿ ಹೋಲಿಸಿ. ಮಳೆಮಾಪಕ ಅಳೆಯುವುದೇ 0.1 ಮಿ.ಮೀ. ವರೆಗೆ, ಅದಕ್ಕಿಂತ ಸೂಕ್ಷ್ಮವಾಗಿ ಹೋಲಿಸುವುದರಲ್ಲಿ ಅರ್ಥವಿಲ್ಲ. ಎಚ್ಚರ ಬೇಕಾದದ್ದು ಗಡಿಯ ಅಂಕಿಗಳಲ್ಲಿ. 2.5 ಮಿ.ಮೀ. ಮತ್ತು ಅದಕ್ಕಿಂತ ಹೆಚ್ಚು ಬಿದ್ದರೆ ಮಳೆ ದಿನ ಎಂದು ಇಲಾಖೆ ಎಣಿಸುತ್ತದೆ. ಅದೃಷ್ಟವಶಾತ್ 2.5 ಪೂರ್ತಿ ಕೂಡುವ ಅಂಕಿ. ಬೇರೆ ಮಿತಿಗಳನ್ನು ಇಟ್ಟುಕೊಂಡಿದ್ದರೆ ಮೊದಲು ದುಂಡುಗೊಳಿಸಿ, ಆಮೇಲೆ ಎಣಿಸಿ.

ಅಂಕಿಗಳು ಒಂದೂ ಅಲುಗಬಾರದು ಎಂದಿದ್ದರೆ ಹತ್ತರಿಂದ ಗುಣಿಸಿ ಎರಡು ಬೈಟಿನ ಪೂರ್ಣಾಂಕವಾಗಿ ಇಡಬಹುದು, 12.4 ಆಗ 124 ಆಗುತ್ತದೆ. ಎರಡು ಬೈಟಿನಲ್ಲಿ 32,767ರ ವರೆಗೆ, ಅಂದರೆ 3,276.7 ಮಿ.ಮೀ. ವರೆಗೆ, ಹಿಡಿಸುತ್ತದೆ. 2005ರ ಜುಲೈ 26ರಂದು ಮುಂಬೈನ ಸಾಂತಾಕ್ರೂಜ್‌ನಲ್ಲಿ ಬಿದ್ದ 944 ಮಿ.ಮೀ. ಸಹ ಇದರೊಳಗೆ ಸುಲಭವಾಗಿ ಕೂರುತ್ತದೆ. ಫೈಲ್ ಅರ್ಧವಾಗುತ್ತದೆ.

ಕಾಗಿಣಾ ದಂಡೆ (ಸೇಡಂ)

ಸಂಗ್ರಹಕ್ಕೆ ಅದು ಸೊಗಸಾದ ಕ್ರಮ, ನಾನೂ ಬಳಸುತ್ತೇನೆ. ಆದರೆ ತೇವಾಂಶದ ಪ್ರೋಗ್ರಾಂಗೆ ಕೊಡುವ ಫೈಲ್ ನಾಲ್ಕು ಬೈಟಿನದೇ ಇರಲಿ. ಮೂವತ್ತು ವರ್ಷಕ್ಕೆ 10,958 ದಿನ, ಒಟ್ಟು 76,33,34,280 ಬೈಟ್. ಇಂದಿನ ಕಾಲಕ್ಕೆ ಇದು ದೊಡ್ಡದಲ್ಲ, ಅರ್ಧ ಉಳಿಸಲು ಹೋಗಿ ಹತ್ತರಿಂದ ಭಾಗಿಸುವುದನ್ನು ಒಂದು ಕಡೆ ಮರೆತರೆ ಬರದ ವರ್ಷದಲ್ಲಿ ಪ್ರವಾಹ ಬರುತ್ತದೆ. ಬಿದ್ರಿಯವರು ಮೊದಲು ಹೇಳಿದ ನೆಟ್‌ಸಿಡಿಎಫ್ ಬಗ್ಗೆಯೂ ನನ್ನ ಮಾತನ್ನು ತಿದ್ದಿಕೊಳ್ಳುತ್ತೇನೆ. ಸಗರನಾಡು ಕಾಕಾ ಅವರು ಹೇಳಿದ ವಿವರಗಳನ್ನು ನೋಡಿದ ಮೇಲೆ, ಯಾವ ಚೌಕ ಮೂಲದ್ದು ಯಾವ ಚೌಕ ತಿದ್ದಿದ್ದು ಎಂಬ ಟಿಪ್ಪಣಿ ದತ್ತಾಂಶದ ಒಳಗೇ ಇರಬೇಕು ಎನಿಸುತ್ತದೆ. ಹತ್ತು ಸಾಲಿನ ಕಂಟ್ರೋಲ್ ಫೈಲ್‌ನಲ್ಲಿ ಅದಕ್ಕೆ ಜಾಗವಿಲ್ಲ. ಬೇರೆಯವರಿಗೆ ಕೊಡುವ ಪ್ರತಿ ನೆಟ್‌ಸಿಡಿಎಫ್ ಇರಲಿ, ಪ್ರೋಗ್ರಾಂಗೆ ಕೊಡುವ ಪ್ರತಿಯನ್ನು ಅದರಿಂದಲೇ ತೆಗೆಯಿರಿ. ತಿದ್ದಿದ ಟೆಕ್ಸ್ಟನ್ನು ಮಾತ್ರ ಯಾವ ಕಾರಣಕ್ಕೂ ಅಳಿಸಬೇಡಿ.

ಸಗರನಾಡು (ಯಾದಗಿರಿ)

ರಿಜಿಸ್ಟರಿನ ಪುಟಗಳ ಫೋಟೋಗಳನ್ನೂ ಅಳಿಸಬೇಡ ತಂಗಿ. ಮೇಲೆ ಬರೆದ ಅಂಕಿಯ ಕೆಳಗೆ ಪೆನ್ಸಿಲ್‌ನಲ್ಲಿ ತಿದ್ದಿದ ಅಂಕಿ ಇರುತ್ತದೆ, ಅದು ಟೆಕ್ಸ್ಟ್‌ಗೆ ಬಂದಿರುವುದಿಲ್ಲ.

ತೊಗರಿಹೊಲ (ಕಲಬುರಗಿ)

ಎಲ್ಲವನ್ನೂ ಹಾಗೆಯೇ ಮಾಡಿದ್ದೇನೆ. ಎಫ್‌ಕನ್ವರ್ಟ್ ಆಯ್ಕೆ ತೆಗೆದ ಮೇಲೆ ನಕ್ಷತ್ರಗಳು ಹೋದವು, -999 ಮತ್ತೆ ತನ್ನ ಜಾಗದಲ್ಲಿ ಕಾಣುತ್ತಿದೆ. ಮಣ್ಣಿನ ಗುಣದ ಫೈಲ್ ನಿಜಕ್ಕೂ ಹಳೆಯ ಕ್ರಮದಲ್ಲಿತ್ತು, ಅದನ್ನೊಂದನ್ನು ಮಾತ್ರ ತಿರುಗಿಸಿ ಬರೆದು ಹೆಸರಿನಲ್ಲೇ ಕ್ರಮ ಬರೆದಿಟ್ಟಿದ್ದೇನೆ. ಮೂವತ್ತು ವರ್ಷದ ಬೈನರಿಗಳನ್ನು ಮರಳಿ ಟೆಕ್ಸ್ಟ್ ಮಾಡಿ, ಒಂದು ದಶಮಾಂಶಕ್ಕೆ ದುಂಡುಗೊಳಿಸಿ ಹೋಲಿಸಿದೆ, ಒಂದು ಅಂಕಿಯೂ ಬೇರೆಯಾಗಿಲ್ಲ.

2016ರ ಫೈಲ್ ಒಂದೇ ಮೊದಲ ಸಲ 2,54,25,900 ಬೈಟ್ ಬಂದಿತ್ತು. ಅಧಿಕ ವರ್ಷಕ್ಕೆ 2,54,95,560 ಬರಬೇಕಲ್ಲ ಎಂದು ಟೆಕ್ಸ್ಟ್ ತೆರೆದು ನೋಡಿದರೆ ಫೆಬ್ರವರಿ 29ರ 129 ಸಾಲುಗಳೇ ಇರಲಿಲ್ಲ, ಹಿಂದೆ ಟೆಕ್ಸ್ಟ್ ಮಾಡಿದವರು ಬಿಟ್ಟಿದ್ದರು. ಆ ಒಂದು ದಿನವನ್ನು ಇಲಾಖೆಯ ಮೂಲ ಬೈನರಿಯಿಂದ ತೆಗೆದು ಸೇರಿಸಿದ್ದೇನೆ. ಉಳಿದ ಏಳು ಅಧಿಕ ವರ್ಷಗಳನ್ನೂ ತೆರೆದು ನೋಡಿದೆ, ಅವುಗಳಲ್ಲಿ 29 ಇದೆ.